ಮುಯ್ಯಿಗೆ ಬಂದ ಕಂಪ್ಯೂಟರ್

ಆಂಡರ್ಸನ್‌ಪೇಟೆಯ ಅಂಬರೀಶ ಮಹಡಿಯ ಮೇಲೆ ಒಂದೇ ಒಂದು ರೂಮು ಕಟ್ಟಿಸಿ, ಆ ಒಂದು ರೂಮಿಗೆ ಗೃಹಪ್ರವೇಶ ಇಟ್ಟುಕೊಂಡ. ಶಾಮಿಯಾನ ಹಾಕಿಸಿದ, ಮೈಕು ಕಟ್ಟಿಸಿದ, ಕಾರ್ಡು ಅಚ್ಚು ಹಾಕಿಸಿದ. ಕಾರ್ಡು ನೋಡಿದ ನೆಂಟರು, ಇವನು ಯಾವಾಗ ಇನ್ನೊಂದು ಮನೆ ಕಟ್ಟಿದ ಎಂದು ಹೊಟ್ಟೆ ಉರಿದುಕೊಂಡು ಫೋನು ಮಾಡಿದರು. ಬರೀ ರೂಮು ಎಂದು ಗೊತ್ತಾದ ಮೇಲೆ ಎಲ್ಲರಿಗೂ ಸಮಾಧಾನವಾಗಿ, ತಪ್ಪದೆ ಬರುತ್ತೇವೆ ಎಂದರು.

ಅಂಬರೀಶ ಖಾಸಗಿ ಶಾಲೆಯೊಂದರ ಗುಮಾಸ್ತ. ಕಂಪ್ಯೂಟರಿನಲ್ಲಿ ಅವನಿಗೆ ಬರುತ್ತಿದ್ದದ್ದು ಮಕ್ಕಳ ಟಿ.ಸಿ. ಪ್ರಿಂಟ್ ತೆಗೆಯುವುದು, ಅದು ಅರ್ಧಕ್ಕೆ ನಿಂತರೆ ಸ್ವಿಚ್ಚು ಆರಿಸಿ ಮತ್ತೆ ಹಾಕುವುದು, ಇಷ್ಟೇ. ಆದರೆ ಕಳೆದ ದೀಪಾವಳಿಯಿಂದೀಚೆಗೆ ಅವನು ಮೊಬೈಲಿನಲ್ಲಿ ಬೇರೊಂದು ಲೋಕ ಕಂಡಿದ್ದ. ಅಲ್ಲಿ ಜನ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ತಮಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ನೋಡಿ ಅಂಬರೀಶ ಊಟಕ್ಕೆ ಕೂತರೆ ಪ್ರೊಸೆಸರ್ ಎನ್ನುತ್ತಿದ್ದ, ಕೈತೊಳೆಯುವಾಗ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಿದ್ದ. ಅಂಗಡಿಯಲ್ಲಿ ಸಿದ್ಧ ಕಂಪ್ಯೂಟರ್ ಕೊಳ್ಳುವವರನ್ನು ಕಂಡರೆ ಹೋಟೆಲಿನಿಂದ ದಿನಾ ಸಾರು ತರಿಸುವ ಮನೆಯವರನ್ನು ಕಂಡ ಹಾಗೆ ಮರುಗುತ್ತಿದ್ದ. ಬಿಡುವಿನಲ್ಲಿ ರೇಸಿನ ಆಟ, ಸಂಜೆ ಮನೆಮಂದಿಗೆಲ್ಲ ಸಿನಿಮಾ, ಎರಡಕ್ಕೂ ಒಂದೇ ಯಂತ್ರ. ಮಹಡಿ ರೂಮು ಎದ್ದಿದ್ದೇ ಅದಕ್ಕಾಗಿ.

"ರೂಮು ಎದ್ದೈತೆ, ನಿಮ್ಮ ಯಂತ್ರ ಎಲ್ಲಿಂದ ಬತ್ತದೆ?" ಎಂದು ಹೆಂಡತಿ ಅರುಣಕುಮಾರಿ ಕೇಳಿದಳು.

"ಮುಯ್ಯಿಯಿಂದ" ಎಂದ ಅಂಬರೀಶ.

ಹಿಂದೆ ಕೆಳಗಿನ ಮನೆಯ ಗೃಹಪ್ರವೇಶಕ್ಕೆ ನೆಂಟರು ತಂದ ಮುಯ್ಯಿಯಲ್ಲಿ ಗೋಡೆ ಗಡಿಯಾರಗಳೇ ಹೆಚ್ಚು. ಯಾರಿಗೂ ಬೇಸರವಾಗಬಾರದೆಂದು ಅವನ್ನೆಲ್ಲ ನೇತುಹಾಕಿ, ಅಡಿಗೆಮನೆಯಲ್ಲಿ ಒಂದು ಹೊತ್ತು, ನಡುಮನೆಯಲ್ಲಿ ಇನ್ನೊಂದು ಹೊತ್ತು ಆಗಿ, ಅಂಬರೀಶ ಶಾಲೆಗೆ ಹೋಗುವಾಗ ಪಕ್ಕದ ಮನೆಯವರನ್ನು ಟೈಮು ಕೇಳಬೇಕಾಗಿತ್ತು. ಈ ಸಲ ಹಾಗಾಗದಂತೆ ಅವನೇ ಯೋಚನೆ ಮಾಡಿದ. ಒಬ್ಬೊಬ್ಬ ನೆಂಟರಿಗೆ ಕಂಪ್ಯೂಟರಿನ ಒಂದೊಂದು ಭಾಗ ಹಂಚಿಬಿಡುವುದು. ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಯ ಸುಧಾಕರ ಒಂದಕ್ಕೊಂದು ಹೊಂದುವ ಭಾಗಗಳನ್ನು ಆರಿಸಿ, ಅಂಗಡಿಯಲ್ಲೇ ಒಮ್ಮೆ ಜೋಡಿಸಿ, ಓಡಿಸಿ ನೋಡಿ, ಮತ್ತೆ ಬಿಚ್ಚಿ ಡಬ್ಬಿಗಳಲ್ಲಿ ಇಟ್ಟಿರುವುದು. ನೆಂಟರು ತಮ್ಮ ತಮ್ಮ ಡಬ್ಬಿ ಕೊಂಡು ತರುವುದು. ಗೃಹಪ್ರವೇಶದ ದಿನ ಸುಧಾಕರ ಎಲ್ಲರ ಎದುರಿಗೇ ಜೋಡಿಸುವುದು.

"ನಿಮ್ಮ ತಲೆ ಇಷ್ಟು ಓಡ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದಳು ಅರುಣಕುಮಾರಿ. ಅವಳು ಹೊಗಳಿದಳೋ ಹಂಗಿಸಿದಳೋ ಎಂದು ಅಂಬರೀಶ ವಿಚಾರಿಸಲಿಲ್ಲ. ಅದೊಂದು ಒಳ್ಳೆಯ ಗುಣ ಅವನಲ್ಲಿತ್ತು.

ಹಂಚಲು ಹೊರಟ ಮೇಲೆ ತಿಳಿಯಿತು, ಕಂಪ್ಯೂಟರಿನ ಭಾಗಗಳು ಒಂದಕ್ಕೊಂದು ಹೊಂದುವುದು ಸುಲಭ, ನೆಂಟರ ಮಾನಕ್ಕೆ ಹೊಂದುವುದು ಕಷ್ಟ ಎಂದು. ಮೊದಲು ಬಂಗಾರಪೇಟೆಯ ಮಾವ, ಅರುಣಕುಮಾರಿಯ ತಂದೆ ಶ್ರೀನಿವಾಸಪ್ಪನವರ ಮನೆಗೆ ಹೋದ. ಅವರು ರೈಲ್ವೆಯಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು. ಕಿಂಡಿಯ ಹಿಂದೆ ಆಯುಷ್ಯ ಕಳೆದದ್ದಕ್ಕೋ ಏನೋ, ನಾಲ್ಕು ಜನರ ಮುಂದೆ ಕಾಣಿಸಿಕೊಳ್ಳುವ ಆಸೆ ಅವರಿಗೆ ತುಸು ಹೆಚ್ಚು.

"ಇಷ್ಟ್ರಲ್ಲಿ ಒರಗಡೆ ಕಾಣೋದು ಯಾವ್ದಪ್ಪ?"

"ಕ್ಯಾಬಿನೆಟ್ ಮಾವ. ಎಲ್ಲಾನೂ ಒಳಗಿಟ್ಟು ಮುಚ್ಚೋ ಪೆಟ್ಟಿಗೆ. ಗಾಜಿನ ಬಾಗಿಲು, ಬಣ್ಣಬಣ್ಣದ ಲೈಟು."

"ಅದು ನಂದು. ಒಳಗಿರೋದನ್ನ ಬೇರೆಯೋರ್ಗೆ ಕೊಡು."

ಪ್ರೊಸೆಸರನ್ನು ಶಾಲೆಯ ಮೇಷ್ಟ್ರುಗಳು ಚಂದಾ ಎತ್ತಿ ಒಪ್ಪಿಕೊಂಡರು. ಗ್ರಾಫಿಕ್ಸ್ ಕಾರ್ಡು ಭಾವಮೈದುನರ ಪಾಲಾಯಿತು. ನಾದಿನಿ ರೂಪ ಮಾತ್ರ ರ‍್ಯಾಮ್ ಕಡ್ಡಿಯನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಏನ್ ಬಾವ ಇದು, ಬಾಚಣಿಗೆ ಇದ್ದಂಗೈತೆ. ಇದನ್ನ ತಟ್ಟೇಲಿಟ್ಕೊಂಡು ಬಂದ್ರೆ ಜನ ಏನಂದಾರು?" ಕೊನೆಗೆ ಮಿಕ್ಸಿಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತರಬಹುದೆಂದ ಮೇಲೆ ಒಪ್ಪಿದಳು. ಪಕ್ಕದ ಮನೆಯ ಮುನಿಸ್ವಾಮಪ್ಪ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ದುಡಿದವರು. ಬೀದಿಯ ಎಲ್ಲ ಕಾರ್ಯಗಳಲ್ಲೂ ಮೈಕು ಹಿಡಿಯುವುದು ಅವರೇ. "ತಂಬಿ, ಫ್ಯಾನು ನಮ್ದು. ಕೆಳಗೆ ಗಾಳಿ ಇಲ್ಲಾಂದ್ರೆ ಮನುಷ್ಯನೇ ಇರಕ್ಕಾಗಲ್ಲ, ಮಿಷಿನ್ ಎಂಗಿರ್ತದೆ?" ಎಂದು ಕೇಳದೆಯೇ ಫ್ಯಾನುಗಳನ್ನೆಲ್ಲ ವಹಿಸಿಕೊಂಡರು. ಯಾರಿಗೂ ಬೇಡವಾಗಿ ಉಳಿದದ್ದು ಪವರ್ ಸಪ್ಲೈ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆಲ್ಲ ಹಂಚುವ ಕಪ್ಪು ಡಬ್ಬಿ. ಹೊಳೆಯದ, ಕಾಣದ ಆ ವಸ್ತುವನ್ನು ಅಂಬರೀಶ ತಾನೇ ಇಟ್ಟುಕೊಂಡ.

ಇನ್ನುಳಿದವಳು ದೊಡ್ಡಮ್ಮ ಪಾಪಕ್ಕ. ಅಂಬರೀಶನ ತಾಯಿ ಅವನ ಎಳವೆಯಲ್ಲೇ ತೀರಿಕೊಂಡಾಗ, ಬಂಗಾರಪೇಟೆಯಾಚೆಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ ಈಕೆಯೇ ಅವನನ್ನೂ ಸಾಕಿದ್ದಳು. ಅವನೆಂದರೆ ಅವಳಿಗೆ ಜೀವ. ಅವಳೆಂದರೆ ಅವನಿಗೂ ಜೀವ, ಜೊತೆಗೆ ಸ್ವಲ್ಪ ಹೆದರಿಕೆ.

"ಇದ್ರಾಗೆ ಎಲ್ಲದ್ರ ಬಾರ ಒರೋದು ಯಾವ್ದ್ಲಾ?"

"ಮದರ್‌ಬೋರ್ಡು ದೊಡ್ಡಮ್ಮ. ಮಿಕ್ಕಿದ್ದೆಲ್ಲ ಅದರ ಮೇಲೇ ಕೂತ್ಕೊಳ್ಳೋದು."

"ಅಂಗಾರೆ ಅದೇ ನಂದು. ಬಾರ ಒತ್ತು ಒತ್ತು ಅಭ್ಯಾಸ ಐತೆ."

ಇಲ್ಲಿ ಒಂದು ಹಳೆಯ ನೋವನ್ನು ಹೇಳಿಬಿಡಬೇಕು. ಕೆಳಗಿನ ಮನೆಯ ಗೃಹಪ್ರವೇಶಕ್ಕೆ ಪಾಪಕ್ಕ ಒಂದು ತಾಮ್ರದ ಹಂಡೆ ತಂದಿದ್ದಳು. ಮುನಿಸ್ವಾಮಪ್ಪ ಮೈಕಿನಲ್ಲಿ ಮುಯ್ಯಿ ಕೂಗುವಾಗ ಗಡಿಬಿಡಿಯಲ್ಲಿ ಅದನ್ನು ಶ್ರೀನಿವಾಸಪ್ಪನವರ ಹೆಸರಿಗೆ ಕೂಗಿಬಿಟ್ಟರು. ಶ್ರೀನಿವಾಸಪ್ಪನವರು ಅಲ್ಲವೆನ್ನಲಿಲ್ಲ, ಮೀಸೆ ನೇವರಿಸಿಕೊಂಡರು. ಮೈಕಿನಲ್ಲಿ ಬಂದ ಮಾತನ್ನು ಹಿಂದಕ್ಕೆ ಪಡೆಯುವ ಪದ್ಧತಿ ಆ ಸೀಮೆಯಲ್ಲಿಲ್ಲ. ಅಂದಿನಿಂದ ಪಾಪಕ್ಕ ಬೀಗರೊಂದಿಗೆ ನೇರ ಮಾತು ಬಿಟ್ಟಳು. ಅದೂ ಅಲ್ಲದೆ, ಮುಯ್ಯಿ ಕೊಡುವ ಯಾವ ವಸ್ತುವಿನ ಮೇಲಾದರೂ, ಸೌಟಾಗಲಿ ಚೊಂಬಾಗಲಿ, ತನ್ನ ಹೆಸರು ಕೆತ್ತಿಸದೆ ಕೊಡುವುದನ್ನೂ ಬಿಟ್ಟಳು.

ಇದು ಅಂಬರೀಶನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಹೊಳೆದಿದ್ದರೆ ಅವನು ಅಂಬರೀಶ ಹೇಗಾಗುತ್ತಿದ್ದ?

ಗೃಹಪ್ರವೇಶದ ದಿನ ಎಲ್ಲವೂ ಸೊಗಸಾಗಿ ಶುರುವಾಯಿತು. ಕೆಳಗಿದ್ದ ದೊಡ್ಡ ಟಿ.ವಿ.ಯನ್ನು ಮಹಡಿಗೆ ಹೊತ್ತಿದ್ದರು. ಪುರೋಹಿತರು ಹೋಮ ಮುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಲು ಹೋದಾಗ ಸುಧಾಕರ ಅಡ್ಡ ನುಗ್ಗಿ, "ಸ್ವಾಮಿ, ಡಬ್ಬಿ ಮ್ಯಾಲೆ ಇಟ್ಬಿಡಿ, ಅದಕ್ಕೇ ತಲುಪ್ತದೆ" ಎಂದು ಕೈಮುಗಿದ. ಮುನಿಸ್ವಾಮಪ್ಪ ಗಂಟಲು ಸರಿಮಾಡಿಕೊಂಡು ಮೈಕು ಹಿಡಿದರು.

"ಬಂಗಾರಪೇಟೆ ಶ್ರೀನಿವಾಸಪ್ಪನೋರ ಮುಯ್ಯಿ, ಕ್ಯಾಬಿನೆಟ್ಟು, ಲೈಟು ಸಹಿತ. ಮೇಷ್ಟ್ರುಗಳ ಮುಯ್ಯಿ, ಪ್ರೊಸೆಸರು, ಬಿಸ್ಕತ್ತಿನಷ್ಟಿದೆ, ಆದ್ರೂ ಬೆಲೆಬಾಳೋದು. ರೂಪಮ್ಮನೋರ ಮುಯ್ಯಿ, ಮಿಕ್ಸಿ. ಅಲ್ಲ, ಅದರೊಳಗಿರೋದು."

ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ಕೇಳಿದರು. ಇಷ್ಟು ಬಗೆಯ ಪಾತ್ರೆಗಳ ಹೆಸರು ಅವರು ಹಿಂದೆ ಕೇಳಿರಲಿಲ್ಲ. ಶ್ರೀನಿವಾಸಪ್ಪನವರು ತಮ್ಮ ಕ್ಯಾಬಿನೆಟ್ಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ ಅದರ ಬಾಗಿಲು ತೆಗೆದು ಹಾಕಿ ತೋರಿಸುತ್ತಿದ್ದರು.

ಆಗ ಪಾಪಕ್ಕ ಬಂದಳು. ಜರಿಯಂಚಿನ ಸೀರೆ, ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಎಲೆಯ ಮೇಲೆ ಡಬ್ಬಿಯಿಂದ ಹೊರತೆಗೆದ ಬೋರ್ಡು. ನಾಲ್ಕು ಜನರಿಗೆ ಕಾಣುವಂತೆ ತಟ್ಟೆಯನ್ನು ಎತ್ತಿ ಹಿಡಿದು ಅವಳು ಮೆಟ್ಟಿಲು ಹತ್ತಿದಳು. ಬೋರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಪಾತ್ರೆ ಅಂಗಡಿಯವನ ಕೆತ್ತುವ ಯಂತ್ರದ ಮುತ್ತಿನಂಥ ಅಕ್ಷರಗಳಲ್ಲಿ, 'ಚಿ. ಅಂಬರೀಶನಿಗೆ ದೊಡ್ಡಮ್ಮ ಪಾಪಕ್ಕನ ಪ್ರೀತಿಯ ಕಾಣಿಕೆ' ಎಂದು ಮೂಡಿತ್ತು. ಕೆಳಗೆ ತಾರೀಖು, ಅದರ ಕೆಳಗೊಂದು ಹೂಬಳ್ಳಿ.

"ಅಂಗಡಿಯೋನು ಎಲ್ಲಿ ಕೆತ್ಲಿ ಅಂದ. ಖಾಲಿ ಜಾಗ ನೋಡಿ, ಯಾವ ಸಾಮಾನಿಗೂ ತಗಲ್ದಂಗೆ ಕೆತ್ತಪ್ಪಾ ಅಂದೆ. ರಂಗೋಲಿ ಗೆರೆ ಬಿಟ್ರೆ ಅಲ್ಲೇನೂ ಇರ್ಲಿಲ್ಲ" ಎಂದಳು ಪಾಪಕ್ಕ.

ಮುನಿಸ್ವಾಮಪ್ಪ ಈ ಸಲ ತಪ್ಪಿಲ್ಲದೆ, ಗಟ್ಟಿಯಾಗಿ, ಎರಡು ಸಲ ಕೂಗಿದರು. "ಪಾಪಕ್ಕನೋರ ಮುಯ್ಯಿ, ಮದರ್‌ಬೋರ್ಡು, ಹೆಸರು ಸಹಿತ." ಪಾಪಕ್ಕ ಶ್ರೀನಿವಾಸಪ್ಪನವರ ಕಡೆ ಒಮ್ಮೆ ನೋಡಿ, ಟಿ.ವಿ.ಯ ಎದುರಿನ ಚಾಪೆಯಲ್ಲಿ ಎಲ್ಲರಿಗಿಂತ ಮುಂದೆ ಕೂತಳು.

ಸುಧಾಕರ ಬೋರ್ಡನ್ನು ಕೈಗೆತ್ತಿಕೊಂಡ. ಆಮೇಲೆ ಅಂಬರೀಶನ ತೋಳು ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋದ.

"ಅಣ್ಣ, ಆ ರಂಗೋಲಿ ಗೆರೆಗಳೇ ವೈರು. ಪ್ರೀತಿಯ ಅನ್ನೋವಾಗ ಅರ್ಧ ತುಂಡಾಗೈತೆ, ಹೂಬಳ್ಳಿ ಬಿಡೋವಾಗ ಇನ್ನರ್ಧ. ಈ ಬೋರ್ಡು ಓಗ್ಬಿಟ್ಟೈತೆ."

"ರಿಪೇರಿ?"

"ಇಂಥ ಬೋರ್ಡು ನನ್ನ ಅಂಗಡೀಲಿ ಇನ್ನೊಂದೈತೆ. ತಂದು ಹಾಕ್ಬೇಕಷ್ಟೆ. ಒಳಗೆ ಓಗಿ ದೊಡ್ಡಮ್ಮಂಗೆ ಹೇಳ್ಬಿಡಿ."

ಅಂಬರೀಶ ಕಿಟಕಿಯಿಂದ ಒಳಗೆ ನೋಡಿದ. ದೊಡ್ಡಮ್ಮ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ಹಂಡೆಯ ದಿನ ಅವಳು ಊಟ ಮಾಡದೆ ಕೊನೆಯ ಬಸ್ಸು ಹಿಡಿದು ಹೋದದ್ದು ಅವನಿಗೆ ನೆನಪಾಯಿತು. ಈಗ ಪಾಪಕ್ಕನ ಮುಯ್ಯಿಯಿಂದ ಯಂತ್ರ ಕೆಟ್ಟಿತು ಎಂದು ಬೀಗರ ಮುಂದೆ ಬಯಲಾದರೆ, ಅವಳು ಮತ್ತೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಕಂಪ್ಯೂಟರ್ ಹಾಳಾಗಿ ಹೋಗಲಿ, ದೊಡ್ಡಮ್ಮನ ಮುಖ ಬಾಡಬಾರದು ಎಂದು ಅವನು ತೀರ್ಮಾನಿಸಿದ. ಅವನ ಜೀವನದಲ್ಲಿ ಅವನು ಇಷ್ಟು ಬೇಗ ಯಾವ ತೀರ್ಮಾನವನ್ನೂ ಮಾಡಿದವನಲ್ಲ.

ತೀರ್ಮಾನದ ಮುಂದೇನು ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

"ಏನಪ್ಪಾ, ಆನ್ ಮಾಡಿಸು ಮತ್ತೆ. ಲೈಟು ನೋಡ್ಬೇಕು" ಎಂದರು ಶ್ರೀನಿವಾಸಪ್ಪ.

"ರಾಹುಕಾಲ ಮಾವ. ಕಳೀಲಿ."

"ರಾಹುಕಾಲ ಆಗ್ಲೇ ಕಳೀತಲ್ಲಪ್ಪ" ಎಂದರು ಪುರೋಹಿತರು. ದಕ್ಷಿಣೆ ಇನ್ನೂ ಕೈಗೆ ಬಂದಿರಲಿಲ್ಲ, ಆದರೂ ಸತ್ಯವನ್ನೇ ಹೇಳಿದರು.

"ಅಂದ್ರೆ, ಕಂಪ್ಯೂಟರ್ ಚೀನಾದ್ದಲ್ವ. ಅಲ್ಲಿ ರಾಹುಕಾಲ ಬೇರೆ."

ಪುರೋಹಿತರು ಇದನ್ನು ಯಾವ ಪಂಚಾಂಗದಲ್ಲೂ ಓದಿರಲಿಲ್ಲವಾದ್ದರಿಂದ ಯೋಚನೆಗೆ ಬಿದ್ದರು. ಮಿಕ್ಕವರು ಬೀಳಲಿಲ್ಲ. ಮಕ್ಕಳು ಗಲಾಟೆ ಮಾಡಿದರು, ಮೇಷ್ಟ್ರುಗಳು ತಮ್ಮ ಬಿಸ್ಕತ್ತಿನ ಕೆಲಸ ನೋಡಬೇಕೆಂದರು. ಸುಧಾಕರ ಬೇರೆ ದಾರಿಯಿಲ್ಲದೆ ಎಲ್ಲ ಭಾಗಗಳನ್ನೂ ಆ ಬೋರ್ಡಿಗೇ ಜೋಡಿಸಿ, ಕಣ್ಣುಮುಚ್ಚಿಕೊಂಡು ಗುಂಡಿ ಒತ್ತಿದ. ಒಂದು ಲೈಟೂ ಹತ್ತಲಿಲ್ಲ, ಒಂದು ಫ್ಯಾನೂ ತಿರುಗಲಿಲ್ಲ.

ಶ್ರೀನಿವಾಸಪ್ಪನವರು ನಿಧಾನವಾಗಿ ಕೇಳಿದರು. "ಯಾರ್ದು ಕೆಟ್ಟಿರೋದು?"

ಅಂಬರೀಶ ಹೋಗಿ ಮುನಿಸ್ವಾಮಪ್ಪನವರ ಕೈಯಿಂದ ಮೈಕು ಇಸಿದುಕೊಂಡ. ಮೈಕಿನಲ್ಲಿ ಹೇಳಿದ್ದು ಹಿಂದಕ್ಕೆ ಬರುವುದಿಲ್ಲ ಎಂಬುದೊಂದೇ ಆಗ ಅವನ ತಲೆಯಲ್ಲಿದ್ದದ್ದು.

"ನಂದು. ನಾನ್ ತಂದಿರೋ ಪವರ್ ಸಪ್ಲೈ ಕೆಟ್ಟೈತೆ. ಕಳಪೆ ಮಾಲು. ಮಿಕ್ಕೋರ್ದೆಲ್ಲ ಚಿನ್ನ."

ಈ ಮಾತು ಹಾರ್ನಿನಲ್ಲಿ ಬೀದಿಯ ಕೊನೆಯವರೆಗೂ ಹೋಯಿತು. ರೂಮಿನಲ್ಲಿ ಇದ್ದವರೆಲ್ಲ ಒಟ್ಟಿಗೆ ಬೈಯಲು ಶುರುಮಾಡಿದರು. ಕರೆದು ಕರೆದು ಎಲ್ಲರ ಹತ್ತಿರ ಒಳ್ಳೊಳ್ಳೆಯದು ತರಿಸಿಕೊಂಡು, ಮನೆಯವನಾಗಿ ತಾನು ಕಳಪೆ ತಂದನಲ್ಲ ಎಂದರು ಭಾವಮೈದುನರು. ಇಂಥವನ ಕೈಗೆ ಶಾಲೆಯ ಬೀಗದ ಕೈ ಕೊಟ್ಟಿದ್ದೇವಲ್ಲ ಎಂದರು ಮೇಷ್ಟ್ರುಗಳು. ಅರುಣಕುಮಾರಿಗೆ ಏನೋ ಅನುಮಾನ ಬಂದು ಸುಧಾಕರನ ಮುಖ ನೋಡಿದಳು, ಸುಧಾಕರ ಫ್ಯಾನು ನೋಡಿದ. ಶ್ರೀನಿವಾಸಪ್ಪನವರು, "ನನ್ನ ಪೆಟ್ಟಿಗೆಗೆ ಇಂಥದ್ದೊಂದು ತಂದು ಒಳಗಿಟ್ಯಲ್ಲೋ" ಎಂದು ಹಣೆ ಚಚ್ಚಿಕೊಂಡರು. ಅಂಬರೀಶ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಒಳಗೊಳಗೇ ಸಂತೋಷಪಟ್ಟ.

"ಸಾಕು ಮಾಡ್ರಪ್ಪ" ಎಂದು ಪಾಪಕ್ಕ ಎದ್ದು ನಿಂತಳು. "ನನ್ ಮಗೀನ ಯಾಕ್ ಬೈತೀರ? ಕೆಟ್ಟಿರೋದು ನಂದು."

"ಇಲ್ಲ ದೊಡ್ಡಮ್ಮ, ನಂದು."

"ಬಾಯ್ಮುಚ್ಲಾ. ಈ ಸುಧಾಕರ ನನ್ನ ತಟ್ಟೆ ನೋಡ್ದಾಗ ಇವನ ಮುಖ ಎಂಗಾಯ್ತು ಅಂತ ನೋಡ್ದೆ. ರೋಗ ಬಂದ ಕುರಿ ನೋಡ್ದೋರ ಮುಖ ನಂಗೆ ಗೊತ್ತಿಲ್ವ? ಹೆಸರಿನ ಆಸೆಗೆ ಬಿದ್ದು ಕೆತ್ತಿಸ್ದೆ. ತಪ್ಪು ನಂದು. ಮುನಿಸ್ವಾಮಪ್ಪ, ಅಂಗಂತ ಮೈಕಲ್ಲಿ ಹೇಳು."

"ಹೇಳ್ಬೇಡಿ ಅಣ್ಣ" ಎಂದು ಅಂಬರೀಶ ಮೈಕನ್ನು ಎದೆಗವಚಿಕೊಂಡ. ಪಾಪಕ್ಕ ಅದರ ವೈರು ಹಿಡಿದೆಳೆದಳು. ಕೆಟ್ಟದ್ದು ನನ್ನದು, ಅಲ್ಲ ನನ್ನದು ಎಂದು ಇಬ್ಬರೂ ಜಗ್ಗಾಡಿದ್ದು ಆಂಡರ್ಸನ್‌ಪೇಟೆಗೆಲ್ಲ ಕೇಳಿಸಿತು. ಕೆಳಗೆ ನಿಂತಿದ್ದ ಹೆಂಗಸರಲ್ಲಿ ಕೆಲವರು ಆಸ್ತಿ ಪಾಲಾಗುತ್ತಿದೆ ಎಂದುಕೊಂಡು ಮೆಟ್ಟಿಲು ಹತ್ತಿ ಬಂದರು.

ಇದನ್ನು ನೋಡಿ ರೂಪಳಿಗೆ ತಡೆಯಲಾಗಲಿಲ್ಲ. "ನಂದೇ ಇರಬೌದು ದೊಡ್ಡಮ್ಮ. ಮಿಕ್ಸಿ ಪೆಟ್ಟಿಗೆ ಬಸ್ಸಲ್ಲಿ ಕೆಳಗ್ ಬಿದ್ದಿತ್ತು, ನಾನ್ ಯಾರ್ಗೂ ಹೇಳ್ಲಿಲ್ಲ" ಎಂದು ಬಿಕ್ಕಿದಳು. "ಆಮಾ, ಹೌದಲ್ಲ, ಫ್ಯಾನು ತಿರುಗ್ದೆ ಇದ್ದದ್ದು ಎಲ್ಲರೂ ನೋಡಿದ್ರಲ್ಲ, ಅದು ನಮ್ದೇ ತಪ್ಪು" ಎಂದರು ಮುನಿಸ್ವಾಮಪ್ಪ. ಮೇಷ್ಟ್ರುಗಳು ಬಿಸ್ಕತ್ತನ್ನು ಟೀ ಕುಡಿಯುವ ಮೇಜಿನ ಮೇಲಿಟ್ಟಿದ್ದನ್ನು ಒಪ್ಪಿಕೊಂಡರು. ಜನರೆಲ್ಲ ಪಾಪಕ್ಕನನ್ನು ಸುತ್ತುವರಿದು ಸಮಾಧಾನ ಮಾಡತೊಡಗಿದರು.

ಶ್ರೀನಿವಾಸಪ್ಪನವರು ಕುರ್ಚಿಯಲ್ಲಿ ಒಬ್ಬರೇ ಉಳಿದರು. ಎಲ್ಲರದೂ ಕೆಟ್ಟು, ತಮ್ಮದೊಂದೇ ಚೆನ್ನಾಗಿರುವುದು ಅವರಿಗೆ ಯಾಕೋ ದೊಡ್ಡ ಅವಮಾನವೆನಿಸಿತು. ಎದ್ದು ಕೆಮ್ಮಿ, "ಕ್ಯಾಬಿನೆಟ್ಟೂ ಅಷ್ಟೇನ್ ಚೆನ್ನಾಗಿಲ್ಲ. ಬಾಗಿಲು ಸಡಿಲ ಐತೆ. ಅದನ್ನೂ ಕೂಗ್ರಿ" ಎಂದರು.

ಸುಧಾಕರನಿಗೆ ತಲೆ ಕೆಟ್ಟಿತು. ತನ್ನ ಅಂಗಡಿಯ ಮಾಲು ಒಂದೊಂದಾಗಿ ಬೀದಿಯಲ್ಲಿ ಮಾನ ಕಳೆದುಕೊಳ್ಳುತ್ತಿರುವುದನ್ನು ಎಷ್ಟು ಹೊತ್ತು ಕೇಳಿಯಾನು? "ಅಣ್ಣಂದಿರಾ, ಬೋರ್ಡು ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ಸರಿಯಾಗೈತೆ. ದಯವಿಟ್ಟು ನನ್ನ ವ್ಯಾಪಾರ ಉಳ್ಸಿ" ಎಂದುಬಿಟ್ಟ.

ಪಾಪಕ್ಕ ಮತ್ತೆ ಚಾಪೆಯ ಮೇಲೆ ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಸ್ಸು ಎಷ್ಟೊತ್ತಿಗೆ ಎಂದು ಪಕ್ಕದವಳನ್ನು ಕೇಳಿದಳು. ಅಂಬರೀಶನಿಗೆ ಅಳು ಬಂತು. ಇಷ್ಟೆಲ್ಲ ಮೈಮೇಲೆ ಎಳೆದುಕೊಂಡರೂ ಅವಳನ್ನು ಉಳಿಸಲಾಗಲಿಲ್ಲವಲ್ಲ ಎಂದು ಗೋಡೆ ಕಡೆ ತಿರುಗಿ ನಿಂತ.

ಶ್ರೀನಿವಾಸಪ್ಪನವರು ಸುಧಾಕರನ ಹೆಗಲು ಮುಟ್ಟಿ ಏನೋ ಹೇಳಿದರು. ಇಬ್ಬರೂ ಕೆಳಗಿಳಿದರು. ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. "ಗೆದ್ದೆ ಅಂತ ಹೊರಟ್ರು ಅಪ್ಪ" ಎಂದಳು ಅರುಣಕುಮಾರಿ ಬೇಸರದಿಂದ. ಅವಳು ಪಾಪಕ್ಕನ ಪಕ್ಕ ಕೂತು, ಊಟ ಮಾಡದೆ ಕಳಿಸುವುದಿಲ್ಲವೆಂದು ಕೈ ಹಿಡಿದುಕೊಂಡಳು. ಪಂಕ್ತಿಯ ಮೇಲೆ ಪಂಕ್ತಿ ಊಟ ನಡೆಯಿತು. ಪಾಪಕ್ಕನ ಎಲೆಯಲ್ಲಿ ಹೋಳಿಗೆ ಹಾಗೇ ಉಳಿಯಿತು.

ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಸ್ಕೂಟರು ವಾಪಸು ಬಂತು. ಶ್ರೀನಿವಾಸಪ್ಪನವರು ಧೂಳು ಮೆತ್ತಿದ ಮೀಸೆಯಲ್ಲೇ ಮಹಡಿಗೆ ಬಂದು, ಸುಧಾಕರನ ಕೈಯಲ್ಲಿದ್ದ ಹೊಸ ಡಬ್ಬಿಯನ್ನು ಎಲ್ಲರಿಗೂ ತೋರಿಸಿ, ಮೈಕು ಕೇಳಿ ತೆಗೆದುಕೊಂಡರು. ಜೀವಮಾನದ ಆಸೆ ಅವರ ಕೈಗೆ ಬಂದಿತ್ತು.

"ಪಾಪಕ್ಕನೋರ ಮುಯ್ಯಿ, ಬೋರ್ಡು. ಇದು ಎರಡನೇದು. ಈ ಕಾರ್ಯಕ್ಕೆ ಎರಡು ಮುಯ್ಯಿ ಕೊಟ್ಟೋರು ಅವರೊಬ್ಬರೇ."

ಪಾಪಕ್ಕ ಸೆರಗು ಸರಿಸಿದಳು. ಹಂಡೆಯ ದಿನದಿಂದ ಮೊದಲ ಸಲ ಅವರನ್ನು ನೇರವಾಗಿ ನೋಡಿ ಮಾತಾಡಿದಳು. "ಬೀಗ್ರೇ, ನಾನ್ ಎಲ್ಲಿ ತಂದೆ ಇದನ್ನ?"

"ಸುಮ್ನಿರಮ್ಮ. ಮೈಕಲ್ಲಿ ಹೇಳಾಯ್ತು."

ಸುಧಾಕರ ಹಳೆಯ ಬೋರ್ಡು ಬಿಚ್ಚಿ ಹೊಸದನ್ನು ಕೂರಿಸಿದ. ಕೆತ್ತಿದ ಬೋರ್ಡನ್ನು ಅರುಣಕುಮಾರಿ ಸೆರಗಿನಲ್ಲಿ ಒರೆಸಿ, ತನ್ನ ರೇಷ್ಮೆ ಸೀರೆಗಳ ನಡುವೆ ಬೀರುವಿನಲ್ಲಿಟ್ಟಳು. ಗುಂಡಿ ಒತ್ತಿದಾಗ ಕ್ಯಾಬಿನೆಟ್ಟಿನೊಳಗೆ ಕೆಂಪು, ನೀಲಿ, ಹಸಿರು ಓಡಾಡಿದವು, ಮುನಿಸ್ವಾಮಪ್ಪನವರ ಫ್ಯಾನುಗಳೆಲ್ಲ ತಿರುಗಿದವು, ಟಿ.ವಿ.ಯ ಮೇಲೆ ರೇಸಿನ ಕಾರುಗಳು ಸಾಲಾಗಿ ಬಂದು ನಿಂತವು. ಮಕ್ಕಳು ಚಪ್ಪಾಳೆ ತಟ್ಟಿದರು. ಅಂಬರೀಶ ತಿಂಗಳುಗಟ್ಟಲೆ ಕನಸು ಕಂಡ ಆ ಆಟದ ಹಿಡಿಕೆಯನ್ನು ತಾನು ಮುಟ್ಟಲಿಲ್ಲ. ಮೊದಲ ಆಟ ದೊಡ್ಡಮ್ಮನದೇ ಎಂದು ತಂದು ಅವಳ ಕೈಗಿಟ್ಟ.

"ಈ ಗುಂಡಿ ಒತ್ತಿದ್ರೆ ಮುಂದಕ್ಕೆ ಓಗ್ತದೆ ದೊಡ್ಡಮ್ಮ."

ಮೂರು, ಎರಡು, ಒಂದು ಎಂದು ಟಿ.ವಿ.ಯೇ ಎಣಿಸಿತು. ಉಳಿದ ಕಾರುಗಳೆಲ್ಲ ಹೊಗೆಯೆಬ್ಬಿಸಿಕೊಂಡು ಹಾರಿಹೋದವು. ಪಾಪಕ್ಕನ ಕಾರು ನಿಂತಲ್ಲೇ ನಿಂತಿತ್ತು.

"ಒತ್ತು ದೊಡ್ಡಮ್ಮ, ಒತ್ತು" ಎಂದು ಅಂಬರೀಶ ಚಡಪಡಿಸಿದ. "ಅಜ್ಜಿ, ಎಲ್ಲಾ ಓಗ್ಬಿಟ್ರು" ಎಂದು ಮಕ್ಕಳು ಕೂಗಿದರು. ಪಾಪಕ್ಕ ಹಿಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಶ್ರೀನಿವಾಸಪ್ಪನವರು ಮುಖ ತೊಳೆದು, ಟವೆಲಿನಿಂದ ಮೀಸೆ ಒರೆಸಿಕೊಳ್ಳುತ್ತ, ಕುರ್ಚಿ ಎಲ್ಲಿ ಎಂದು ಹುಡುಕುತ್ತಿದ್ದರು.

"ಇರ್ಲಾ" ಎಂದಳು ಪಾಪಕ್ಕ, ಚಾಪೆಯ ಮೇಲೆ ತನ್ನ ಪಕ್ಕಕ್ಕೆ ಜಾಗ ಮಾಡುತ್ತ. "ಬೀಗ್ರು ಇನ್ನೂ ಕಾರು ಹತ್ತಿಲ್ಲ."